ಕಿವಿಗೊಂದು ಚಿಪ್ಪು

ಮೊನ್ನೆ ಮೊನ್ನೆಯವರೆಗೂ ನಮ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನ ತಾತ ಒಂದು ಕುಂಬಳಕಾಯಿಗೆ ಚೌಕಾಶಿ ಮಾಡುತ್ತಲೇ ಇದ್ದ. ತಾತ ತೀರಿಕೊಂಡಾಗ ನಾನಿನ್ನೂ ಚಡ್ಡಿ ಹಾಕುತ್ತಿದ್ದೆ. ಕುಂಬಳಕಾಯಿ ಮಾರುತ್ತಿದ್ದ ಹೆಂಗಸೂ ಹೋದಳು. ಕಾಯಿಯಂತೂ ಯಾವತ್ತೋ ಸಾರಾಗಿ ಯಾರದೋ ಹೊಟ್ಟೆ ಸೇರಿತ್ತು. ಚೌಕಾಶಿ ಮಾತ್ರ ಮುಗಿದಿರಲಿಲ್ಲ. "ಇಷ್ಟು ಹೇಳ್ತೀಯಲ್ಲವ್ವ, ಇದರೊಳಗೇನು ಬೆಲ್ಲ ತುಂಬಿದ್ದೀಯಾ?" ಎಂದು ತಾತ ಕೇಳುತ್ತಿದ್ದ. "ಬ್ಯಾಡಾಂದ್ರೆ ಅಲ್ಲೇ ಮಡಗಿ ಹೋಗಪ್ಪ" ಎಂದು ಅವಳು ಅನ್ನುತ್ತಿದ್ದಳು. ಬಸ್ಸಿಗೆ ಕಾಯುವಾಗಲೆಲ್ಲ ಈ ಜಿಪುಣತನ ಕೇಳಿಸಿಕೊಂಡು, ಇವನು ನಮ್ಮವನಲ್ಲ ಎಂಬ ಮುಖ ಮಾಡಿಕೊಂಡು ನಾನು ನಿಲ್ಲಬೇಕಾಗಿತ್ತು.

ನಮ್ಮೂರೇ ಹಾಗೆ. ಇಲ್ಲಿ ಆಡಿದ ಮಾತು ಸಾಯುವುದಿಲ್ಲ, ಆಡಿದ ಜಾಗದಲ್ಲೇ ಉಳಿದುಬಿಡುತ್ತದೆ. ವರ್ಷ ಕಳೆದಂತೆ ದನಿ ಸ್ವಲ್ಪ ಇಳಿಯುತ್ತದೆ, ಆದರೆ ಬಾಯಿ ಮುಚ್ಚುವುದಿಲ್ಲ. ಹಾಗಾಗಿ ಬುದ್ಧಿ ಇರುವ ಗಂಡ ಹೆಂಡಿರು ಜಗಳ ಆಡುವುದಿದ್ದರೆ ಚಪ್ಪಲಿ ಮೆಟ್ಟಿಕೊಂಡು ಊರಾಚೆಯ ಬಯಲಿಗೆ ಹೋಗಿ ಆಡಿ ಬರುತ್ತಾರೆ. ಮನೆ ಬಾಡಿಗೆಗೆ ಹಿಡಿಯುವವರು ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ನೋಡುವುದಕ್ಕೆ ಮೊದಲು ಒಂದೊಂದು ಕೋಣೆಯಲ್ಲೂ ಕಣ್ಣು ಮುಚ್ಚಿ ನಿಂತು ಹಿಂದಿನವರು ಏನು ಬಿಟ್ಟುಹೋಗಿದ್ದಾರೆಂದು ಕೇಳುತ್ತಾರೆ. ಶಾಲೆಯ ಗೋಡೆಯ ಪಕ್ಕ ಎಷ್ಟೋ ತಲೆಮಾರಿನ ಮಗ್ಗಿ ತಾನೇ ತಾನಾಗಿ ನಡೆಯುತ್ತಿರುವುದರಿಂದ ನಮ್ಮ ಮೇಷ್ಟರುಗಳಿಗೆ ಅದನ್ನು ಹೇಳಿಕೊಡುವ ಕಷ್ಟವೇ ಇರಲಿಲ್ಲ.

ನಾನು ಶಿವಲಿಂಗು, ಪುರಸಭೆಯಲ್ಲಿ ಸೈರನ್ ಊದುತ್ತಿದ್ದ ನೌಕರ. ಊದುತ್ತಿದ್ದೆ ಎಂದರೆ ಗುಂಡಿ ಒತ್ತುತ್ತಿದ್ದೆ. ಹಳೆಯ ಸೈರನ್‌ಗಳೆಲ್ಲ ಊರ ತುಂಬ ಕೂಗುತ್ತಲೇ ಇದ್ದುದರಿಂದ ನಾನು ಒತ್ತಿದರೂ ಒತ್ತದಿದ್ದರೂ ಯಾರಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಇಂಥ ಕೆಲಸ ಸಿಗುವುದಕ್ಕೂ ಪುಣ್ಯ ಬೇಕು.

ಹೆಂಡತಿ ಸುನಂದಾ. ಅವಳ ತಾಯಿ ಹೊನ್ನಮ್ಮನವರು ಕಡೆಯ ದಿನದವರೆಗೂ ನಮ್ಮ ಜೊತೆಗೇ ಇದ್ದರು. ನಮ್ಮತ್ತೆಗೆ ನನ್ನನ್ನು ಕಂಡರೆ ಅಷ್ಟಕ್ಕಷ್ಟೆ. ಎದುರಿಗೆ ಬಂದರೆ ಸೆರಗು ಸರಿ ಮಾಡಿಕೊಂಡು ಒಳಗೆ ಹೋಗುತ್ತಿದ್ದರು, ನನ್ನ ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ಅವರು ಹೋದ ಮೇಲೆ ನಮಗೆ ಉಳಿದದ್ದು ಒಂದೇ ಮಾತು. ಅಡುಗೆಮನೆಯಲ್ಲಿ, ಒಲೆಯ ಮೇಲುಗಡೆ, ಸಾಂಬಾರ ಡಬ್ಬಿಯ ಹತ್ತಿರ ಅದು ಇತ್ತು. "ಮೊದ್ಲು ನೀನು ಉಣ್ಣು ಕಣೇ, ಅವ್ರೆಲ್ಲ ಕಾಯ್ಲಿ." ಬದುಕಿದ್ದಾಗ ದಿನಾ ಹೇಳಿ ಹೇಳಿ ಆ ಮಾತು ಕೆನೆಗಟ್ಟಿದ ಹಾಲಿನಂತೆ ದಪ್ಪಗಾಗಿತ್ತು. 'ಅವ್ರೆಲ್ಲ' ಎಂದರೆ ನಾನು, ಏಕೆಂದರೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸುನಂದಾ ಒಗ್ಗರಣೆ ಹಾಕಿ, ಸೌಟು ಕೆಳಗಿಟ್ಟು, ಅದು ಪೂರ್ತಿ ಕೇಳಿಸುವವರೆಗೆ ಸುಮ್ಮನೆ ನಿಲ್ಲುತ್ತಿದ್ದಳು. ಆಮೇಲೆ ನಿಜಕ್ಕೂ ತಾನೇ ಮೊದಲು ಉಣ್ಣುತ್ತಿದ್ದಳು. ನಾನು ಕಾಯುತ್ತಿದ್ದೆ. ಸತ್ತವರ ಮಾತಿಗೆ ಎದುರು ಹೇಳುವಷ್ಟು ಗಂಡಸುತನ ನನ್ನಲ್ಲಿಲ್ಲ.

ಹೀಗಿರುವಾಗ ಪುರಸಭೆಗೆ ಅಧ್ಯಕ್ಷರಾಗಿ ಮರಿಬಸಪ್ಪನವರು ಮತ್ತೊಮ್ಮೆ ಆರಿಸಿ ಬಂದರು. ಅವರಿಗೆ ಒಂದೇ ಕೊರಗು. ತಾವು ಭಾಷಣಕ್ಕೆ ನಿಂತರೆ ಹಿಂದಿನ ಅಧ್ಯಕ್ಷರುಗಳೆಲ್ಲ ಅದೇ ವೇದಿಕೆಯಿಂದ ಒಟ್ಟಿಗೆ ಮಾತಾಡುತ್ತಿದ್ದರು. ಅದರಲ್ಲೂ ಎಲ್ಲರದೂ ಒಂದೇ ಮಾತು, ಮುಂದಿನ ವರ್ಷ ನೀರು ಬರುತ್ತದೆ ಎಂದು. ಯಾವ ಮುಂದಿನ ವರ್ಷ ಯಾರದು ಎಂಬುದೇ ಜನಕ್ಕೆ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಅವರು ಶಬ್ದ ಶುದ್ಧೀಕರಣ ಯೋಜನೆ ತಂದರು. ಯೋಜನೆಯ ಜೊತೆಗೆ ತನುಜಾ ಮೇಡಂ ಎಂಬ ಇಂಜಿನಿಯರೂ ಬಂದರು. ತೆಳ್ಳಗಿನ ಹೆಣ್ಣುಮಗಳು, ಕಾಫಿ ಕುಡಿಯದೆ ಎರಡು ಮಾತು ಆಡಲಾರರು, ಆದರೆ ಆಡಿದ ಎರಡೂ ಸರಿಯಾಗಿರುತ್ತಿದ್ದವು.

ಮೇಡಂ ತಂದದ್ದು ಕಿವಿಗೆ ಸಿಕ್ಕಿಸಿಕೊಳ್ಳುವ ಒಂದು ಸಣ್ಣ ಪೆಟ್ಟಿಗೆ. ಅದರೊಳಗೆ ಉಗುರಗಲದ ಮೈಕ್ರೊಪ್ರೊಸೆಸರ್. ಅವರು ಅದನ್ನು ಚಿಪ್ ಎಂದರು, ನಮ್ಮವರ ಬಾಯಲ್ಲಿ ಅದು ಚಿಪ್ಪಾಯಿತು. ಪುರಸಭೆಯವರು ಜನರ ಕೈಗೆ ಚಿಪ್ಪು ಕೊಡುವುದು ಹೊಸದೇನಲ್ಲ, ಈ ಸಲ ಕಿವಿಗೆ ಕೊಟ್ಟರು ಅಷ್ಟೆ. ಇದಕ್ಕೆಲ್ಲ ದೊಡ್ಡಣ್ಣನಂಥ ಯಂತ್ರವೊಂದು ನೀರಿನ ಟ್ಯಾಂಕಿನ ಕೆಳಗಿನ ಕೋಣೆಯಲ್ಲಿ ಕೂತಿತು. ಅದು ಹೇಳಿದಂತೆ ಊರ ಚಿಪ್ಪುಗಳೆಲ್ಲ ಕೇಳುತ್ತಿದ್ದವು. ಅದರ ಪಕ್ಕದ ಸ್ಟೂಲಿನ ಮೇಲೆ ನಾನು ಕೂತೆ, ಸೈರನ್ನಿನಿಂದ ಬಡ್ತಿ ಸಿಕ್ಕಿತು.

ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಮೇಡಂ ನನಗೆ ತಿಳಿಸಿ ಹೇಳಿದ್ದರು. ಬಂದ ಸದ್ದನ್ನು ಅದು ಹುರುಳಿಕಾಯಿ ಹೆಚ್ಚಿದಂತೆ ಸಣ್ಣಗೆ ಹೆಚ್ಚಿ, ಒಂದೊಂದು ಚೂರಿಗೂ ಒಂದೊಂದು ಅಂಕಿ ಕೊಡುತ್ತದೆ. ಒಳ್ಳೆಯ ಮಾತು ಎಂದರೆ ಹೇಗಿರಬೇಕು ಎಂಬ ಮಾದರಿಯೊಂದನ್ನು ಮೊದಲೇ ಅಂಕಿಗಳಾಗಿ ಅದರೊಳಗೆ ಇಟ್ಟಿರುತ್ತಾರೆ. ಜೋಯಿಸರು ಹುಡುಗನ ಜಾತಕದ ಪಕ್ಕ ಹುಡುಗಿಯ ಜಾತಕ ಇಟ್ಟು ಗುಣ ಎಣಿಸುವ ಹಾಗೆ, ಬಂದ ಅಂಕಿಯನ್ನು ಮಾದರಿಯ ಅಂಕಿಯ ಪಕ್ಕ ಇಟ್ಟು, ಗುಣಿಸಿ, ಕೂಡಿ ನೋಡುತ್ತದೆ. ಮೊತ್ತ ಒಂದು ಮಟ್ಟ ದಾಟಿದರೆ 'ಇದು ಮಾತು' ಎಂದು ಕಿವಿಯೊಳಗೆ ಬಿಟ್ಟು ಚಿಪ್ಪಿನ ಮೇಲೆ ಪುಟ್ಟ ಕೆಂಪು ದೀಪ ಹೊತ್ತಿಸುತ್ತದೆ. ದಾಟದಿದ್ದರೆ ಗದ್ದಲವೆಂದು ಆಚೆಗೇ ನಿಲ್ಲಿಸುತ್ತದೆ. ಆ ಮಟ್ಟಕ್ಕೆ ಮೇಡಂ ಹೊಸ್ತಿಲು ಎನ್ನುತ್ತಿದ್ದರು. ಹೊಸ್ತಿಲು ಎತ್ತರವಿದ್ದರೆ ಜೋರಾದ, ಸ್ಪಷ್ಟವಾದ ಮಾತಷ್ಟೇ ದಾಟಿ ಬರುತ್ತದೆ. ತಗ್ಗಿಸಿದರೆ ಪಿಸುಮಾತೂ ಬರುತ್ತದೆ, ಅದರ ಜೊತೆಗೆ ಕಸವೂ ಬರುತ್ತದೆ. ಅದನ್ನು ಏರಿಸಿ ಇಳಿಸಲು ನನ್ನ ಸ್ಟೂಲಿನ ಎದುರಿಗೇ ಒಂದು ಗುಂಡಿ ಇತ್ತು. ಅಧ್ಯಕ್ಷರು ಅದನ್ನು ಸಾಕಷ್ಟು ಬಲಕ್ಕೆ ತಿರುಗಿಸಿ, "ನನ್ ಭಾಷಣದಷ್ಟು ಗಟ್ಟಿಯಾಗಿದ್ರೆ ಮಾತು, ಇಲ್ದಿದ್ರೆ ಗೊಣಗಾಟ. ಗೊಣಗೋರು ನಮಗೆ ಬೇಡ" ಎಂದು ಹೋಗಿದ್ದರು.

ಇನ್ನು ಮಾದರಿಯ ವಿಷಯ. ಶುದ್ಧವಾದ ಮಾತಿನ ಮಾದರಿ ಬೇಕು ಎಂದು ಮೇಡಂ ಕೇಳಿದಾಗ, ಊರಿನಲ್ಲಿ ಅಧ್ಯಕ್ಷರ ಮಾತಿಗಿಂತ ಶುದ್ಧವಾದದ್ದು ಯಾವುದಿದೆ ಎಂದು ಸದಸ್ಯರೆಲ್ಲ ಒಟ್ಟಿಗೆ ಕೇಳಿದರು. ಮರಿಬಸಪ್ಪನವರು ಊಟ ಮುಗಿಸಿ ನೇರ ಬಂದಿದ್ದರು. ಕೆನ್ನೆಯಲ್ಲಿ ದೊಡ್ಡದೊಂದು ಉಂಡೆ, ಎಲೆ ಅಡಿಕೆಯದು. ರಸ ತುಳುಕದಂತೆ ಮುಖವನ್ನು ಸೂರಿನ ಕಡೆ ಎತ್ತಿ ಅವರು ಶುರು ಮಾಡಿದರು.

"ಮಾವ್ಯ ವಾಗರಿಕರೇ..."

"ಸರ್, ಬಾಯಲ್ಲಿರೋದನ್ನ ಉಗಿದು ಬಂದ್ಬಿಡಿ" ಎಂದರು ಮೇಡಂ.

ಅಧ್ಯಕ್ಷರು ಕೈಯಲ್ಲೇ ಸನ್ನೆ ಮಾಡಿ, ಅರ್ಧ ನುಂಗಿ ಹೇಳಿದರು: "ಈಗ ತಾನೇ ಹಾಕಿದ್ದೀನಿ ಕಣಮ್ಮ. ಮಿಷನ್ನಿಗೋಸ್ಕರ ಚಿಗುರೆಲೆ ಉಗಿಯೋಕಾಗ್ತದಾ? ಹಿಂಗೇ ತಗೋ."

"ಹಾಗಾದ್ರೆ ಅದು ನಿಮ್ಮ ಮಾತನ್ನಲ್ಲ ಸರ್, ಆ ಎಲೆ ಅಡಿಕೇನ ಕಲಿಯುತ್ತೆ. ಬಾಯಿ ಖಾಲಿ ಇರೋರ ಮಾತು ಅದಕ್ಕೆ ಮಾತು ಅನ್ನಿಸೋದೇ ಇಲ್ಲ."

ಸದಸ್ಯರೆಲ್ಲ ನಕ್ಕರು. ಎಲೆ ಅಡಿಕೆ ಕಲಿಯುವ ಯಂತ್ರ ಎಂದು ಒಬ್ಬರು ತೊಡೆ ತಟ್ಟಿಕೊಂಡರು. ಮೇಡಂ ಇನ್ನೊಂದು ಲೋಟ ಕಾಫಿ ತರಿಸಿಕೊಂಡು ಮಾದರಿ ಹಿಡಿದುಕೊಂಡರು. ಅವರ ಸಂಬಳಕ್ಕೆ ಸಹಿ ಹಾಕುವವರೂ ಆ ಬಾಯಿಯವರೇ.

ಚಿಪ್ಪು ಹಂಚಿದ ದಿನ ಊರು ಒಮ್ಮೆಗೇ ತಣ್ಣಗಾಯಿತು. ಬಸ್‌ಸ್ಟ್ಯಾಂಡಿನಲ್ಲಿ ತಾತ ಇಲ್ಲ, ವೇದಿಕೆಯಲ್ಲಿ ಹಳೆಯ ಅಧ್ಯಕ್ಷರಿಲ್ಲ. ಜನ ಕಿವಿ ಮುಟ್ಟಿ ಮುಟ್ಟಿ ನೋಡಿಕೊಂಡು ಖುಷಿಪಟ್ಟರು. ಆ ಖುಷಿಯನ್ನು ಪಕ್ಕದವರಿಗೆ ಹೇಳಲು ಹೋದಾಗ ಪಕ್ಕದವರಿಗೆ ಅದು ಕೇಳಿಸಲಿಲ್ಲ. ಕೂಗಿದರೂ ಕೇಳಿಸಲಿಲ್ಲ. ನಮ್ಮ ಪಕ್ಕದ ಮನೆಯ ಸಾಕಮ್ಮನ ಮಾತೊಂದೇ ಬೀದಿಗೆಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ಸಾಕಮ್ಮ ಎದ್ದಾಗಿನಿಂದ ಮಲಗುವವರೆಗೆ ಎಲೆ ಅಡಿಕೆ ಬಿಟ್ಟವಳಲ್ಲ. ಗುಟ್ಟು ಅಂದೇ ಬಯಲಾಯಿತು.

ಆಮೇಲೆ ನೋಡಬೇಕಿತ್ತು ಊರಿನ ಚಂದ. ಡಾಕ್ಟರು ಎಲೆ ಹಾಕಿಕೊಂಡು ಕಾಯಿಲೆ ಕೇಳಿದರು, ರೋಗಿ ಎಲೆ ಹಾಕಿಕೊಂಡು ಕಾಯಿಲೆ ಹೇಳಿದ. ನಾಲಿಗೆ ಚಾಚಿದರೆ ಎಲ್ಲರದೂ ಕೆಂಪು, ಯಾವುದು ರೋಗ ಯಾವುದು ಕಾಚು ಎಂದು ಅವರಿಗೆ ತಿಳಿಯದಾಯಿತು. ಮಕ್ಕಳಿಗೆ ಎಲೆ ಕೊಡಬಾರದೆಂದು ಮೇಷ್ಟರು ಸೀಬೆಕಾಯಿ ತುಂಡು ಕೆನ್ನೆಯಲ್ಲಿ ಇರಿಸಿ ಪದ್ಯ ಒಪ್ಪಿಸಿಕೊಂಡರು. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ ಎಂದು ಕೇಳುವುದನ್ನು ಬಿಟ್ಟು, ಮುಖ ಎತ್ತಿಕೊಂಡು ಮಾತಾಡಲು ಬರುತ್ತದೆಯೇ ಎಂದು ಕೇಳತೊಡಗಿದರು. ಸಭ್ಯರ ಮನೆಯ ಗೋಡೆಗಳೆಲ್ಲ ಕೆಂಪಾದವು. ಎಲ್ಲರೂ ಸೂರು ನೋಡಿಕೊಂಡೇ ಮಾತಾಡುವುದರಿಂದ ಯಾರೂ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ, ಇದು ಅನೇಕರಿಗೆ ಅನುಕೂಲವೇ ಆಯಿತು.

ಸುನಂದಾ ಮಾತ್ರ ಒಪ್ಪಲಿಲ್ಲ. "ನಾನು ಮಾತಾಡೋಕೆ ಮರಿಬಸಪ್ಪನ ಬಾಯಿ ಸಾಲ ತರ್ಬೇಕಾ?" ಎಂದಳು. ಅವಳು ಎಲೆಯನ್ನೂ ಹಾಕಲಿಲ್ಲ, ಚಿಪ್ಪನ್ನೂ ಸಿಕ್ಕಿಸಿಕೊಳ್ಳಲಿಲ್ಲ. ಅಂಗಡಿಗೆ ಹೋದರೆ ಅವಳಿಗೆ ಸಾಮಾನು ಕೊಡುವವರಿಲ್ಲ, ಕೇಳಿದ್ದು ಕೇಳಿಸಿದರೆ ತಾನೇ? ಬೆರಳು ತೋರಿಸಿ ತರುತ್ತಿದ್ದಳು. ಮನೆಗೆ ಬಂದ ಕೂಡಲೇ ನಾನು ಚಿಪ್ಪು ಕಿತ್ತು ಗೂಡಿನಲ್ಲಿ ಇಡುತ್ತಿದ್ದೆ. ಪ್ರೀತಿ ಎಂದು ನೀವು ತಿಳಿದರೆ ನನಗೇನೂ ಅಡ್ಡಿಯಿಲ್ಲ, ಆದರೆ ಹೆದರಿಕೆಯೂ ಇತ್ತು. ಅವಳು ಅಂದದ್ದು ಕೇಳಿಸಲಿಲ್ಲ ಎಂದು ಹೇಳಿ ಬದುಕುವುದು ನನ್ನಿಂದಾಗದು. ನಮ್ಮ ಅಡುಗೆಮನೆಯಲ್ಲಿ ಅತ್ತೆಯ ಮಾತೂ ಎಂದಿನಂತೆ ಇತ್ತು. ಊರು ಏನಾದರೂ ಮಾಡಿಕೊಳ್ಳಲಿ ಎಂದು ನಾವಿಬ್ಬರೂ ಅಂದುಕೊಂಡಿದ್ದೆವು.

ಊರು ಹಾಗೆ ಬಿಡುವುದಿಲ್ಲ. ಕಿವಿಗೆ ಚಿಪ್ಪು ಹಾಕಿಸಿದ ಮೇಲೆ ಅಧ್ಯಕ್ಷರಿಗೆ ಇನ್ನೊಂದು ಯೋಚನೆ ಹೊಳೆಯಿತು. ಗದ್ದಲವನ್ನು ಕಿವಿಯ ಬಾಗಿಲಲ್ಲಿ ತಡೆಯುವುದೇಕೆ, ಗಾಳಿಯಿಂದಲೇ ತೊಳೆದುಬಿಟ್ಟರಾಯಿತಲ್ಲ? ಟ್ಯಾಂಕಿನ ನೆತ್ತಿಯ ಮೇಲೆ ದೊಡ್ಡ ಸ್ಪೀಕರುಗಳನ್ನು ಕಟ್ಟಿಸಿದರು. ಊರಲ್ಲಿ ಅಂದಿನವರೆಗೆ ಉಳಿದಿರುವ, ಹೊಸ್ತಿಲು ದಾಟದ ಪ್ರತಿಯೊಂದು ಸದ್ದಿಗೂ ಯಂತ್ರ ಒಂದೇ ಸಲಕ್ಕೆ ಒಂದು ಎದುರು ಸದ್ದು ಕಳಿಸಬೇಕು. ಅದು ಉಬ್ಬಿದ ಕಡೆ ಇದು ತಗ್ಗಬೇಕು, ಅದು ತಗ್ಗಿದ ಕಡೆ ಇದು ಉಬ್ಬಬೇಕು. ಎರಡೂ ಸೇರಿ ಸಪಾಟಾಗಿ ಸದ್ದು ಇಲ್ಲವಾಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ.

ಇದಕ್ಕೆ ಸಾರ್ವಜನಿಕರ ಒಪ್ಪಿಗೆ ಪಡೆಯಲು ಸಭೆ ಕರೆದರು. ಸುನಂದಾ ಮುಂದಿನ ಸಾಲಿನಲ್ಲೇ ಕೂತಳು. ನಾನು ಗೋಡೆಯ ಪಕ್ಕ ನಿಂತು ಚಿಪ್ಪು ಕಿತ್ತು ಜೇಬಿಗೆ ಹಾಕಿಕೊಂಡೆ. ಆಕ್ಷೇಪಣೆ ಇದ್ದವರು ಹೇಳಬಹುದು ಎಂದು ಮರಿಬಸಪ್ಪನವರು ಸೂರು ನೋಡುತ್ತ ಹೇಳಿದ ಕೂಡಲೇ ಅವಳು ಎದ್ದಳು.

"ನಮ್ಮಮ್ಮನ ಮಾತೊಂದು ನಮ್ಮನೆ ಅಡುಗೆಮನೇಲಿ ಇದೆ" ಎಂದಳು. "ಅದು ನಿಮಗೆ ಗದ್ದಲ ಇರ್ಬೋದು, ನಾನು ದಿನಾ ಅದನ್ನ ಕೇಳಿನೇ ಅನ್ನ ಉಣ್ಣೋದು. ಅಳಿಸೋಕೆ ನೀವ್ಯಾರು?"

ಸಭೆಯಲ್ಲಿ ಒಬ್ಬರ ಕಿವಿಯ ದೀಪವೂ ಹೊತ್ತಲಿಲ್ಲ. ಅಧ್ಯಕ್ಷರು ಅವಳ ತುಟಿ ಆಡುವುದನ್ನು ನೋಡಿ, ಅದು ನಿಂತ ಮೇಲೆ ಎರಡೂ ಕೈ ಜೋಡಿಸಿ ನಕ್ಕರು. "ಧವ್ಯವಾದ ತಾಯಿ" ಎಂದರು. ಪಕ್ಕದಲ್ಲಿದ್ದ ಸಾಕಮ್ಮ ಬಾಯ ತುಂಬ ಎಲೆ ಇಟ್ಟುಕೊಂಡು "ಊಂ?" ಎಂದು ಸುನಂದಾಳನ್ನು ಏನೋ ಕೇಳಿದಳು. ಆ ಊಂ ಎಲ್ಲರಿಗೂ ಕೇಳಿಸಿ, ಅದೇ ಊರಿನ ಒಪ್ಪಿಗೆಯಾಯಿತು. ಆಕ್ಷೇಪಣೆ ಕೇಳಿಬರಲಿಲ್ಲ ಎಂದು ಬರೆದುಕೊಂಡರು. ಅದು ಸುಳ್ಳೇನೂ ಅಲ್ಲ, ನಿಜವಾಗಿಯೂ ಅವರಿಗೆ ಕೇಳಿರಲಿಲ್ಲ.

ಮನೆ ಹೊಕ್ಕ ಕೂಡಲೇ ಸುನಂದಾ ಹೇಳಿದಳು: "ಆ ಮಿಷನ್ ಪಕ್ಕ ಕೂರೋರು ನೀವು. ನೀವು ಏನಾದ್ರೂ ಮಾಡ್ಬೇಕು."

"ನಾನೇನು ಮಾಡ್ಲಿ ಮಾರಾಯ್ತಿ? ಕೆಲಸ ಹೋಗುತ್ತೆ."

"ಹೋಗ್ಲಿ. ಸೈರನ್ ಇದ್ದಾಗ ಏನು ಮಹಾ ಕೆಲಸ ಇತ್ತು?"

ಮರುದಿನ ತನುಜಾ ಮೇಡಂ ಹತ್ತಿರ ಹೋಗಿ ತಲೆ ಕೆರೆದುಕೊಂಡು ನಿಂತೆ. ಅಧ್ಯಕ್ಷರ ಮಾದರಿಯ ಪಕ್ಕದಲ್ಲಿ ನಮ್ಮತ್ತೆಯದನ್ನೂ ಒಂದು ಮೂಲೆಯಲ್ಲಿ ಇಡಲು ಆಗುತ್ತದೆಯೇ ಎಂದು ಕೇಳಿದೆ.

"ಒಂದಕ್ಕೇ ಜಾಗ ಇರೋದು" ಎಂದರು ಮೇಡಂ. "ಎರಡನೇದಕ್ಕೆ ದುಡ್ಡಿಲ್ಲ ಅಂದ್ರು. ಅಲ್ಲ, ನಿಮ್ಮತ್ತೆ ಎಲೆ ಅಡಿಕೆ ಹಾಕ್ಕೊಳ್ತಿದ್ರಾ?"

"ಊಟ ಆದ್ಮೇಲೆ ಜಗಲೀಲಿ ಕೂತು ಹಾಕ್ಕೊಳ್ತಿದ್ರು. ಅಡುಗೆಮನೇಲಿ ಯಾವತ್ತೂ ಇಲ್ಲ, ಮೈಲಿಗೆ ಅಂತಿದ್ರು."

"ಹಾಗಾದ್ರೆ ಕಷ್ಟ. ಬಾಯಿ ಖಾಲಿ ಇದ್ದಾಗ ಆಡಿದ ಮಾತು ಈ ಮಾದರಿಗೆ ಹೊಂದೋದೇ ಇಲ್ಲ." ಮೇಡಂ ಲೋಟದ ತಳದ ಕಾಫಿಯನ್ನು ಅಲ್ಲಾಡಿಸಿ ಕುಡಿದರು. ಆಮೇಲೆ ನನ್ನ ಮುಖ ನೋಡದೆ ಗೋಡೆಗೆ ಹೇಳಿದರು: "ಹೊಸ್ತಿಲು ಪೂರ್ತಿ ಇಳಿಸಿದ್ರೆ ಒಂದು ವೇಳೆ ಉಳಿದ್ರೂ ಉಳೀಬಹುದು. ಉಳಿಯುತ್ತೆ ಅಂತ ನಾನು ಹೇಳಲ್ಲ. ಆದ್ರೆ ಊರಲ್ಲಿ ಎಲೆ ಹಾಕ್ಕೊಂಡು ಯಾರ್ಯಾರು ಏನೇನು ಪಿಸುಗುಟ್ಟಿದ್ದಾರೋ ಅದೆಲ್ಲಾ ಖಂಡಿತ ಉಳಿಯುತ್ತೆ. ತೊಳೆಯೋ ದಿನ ಪೂಜೆ ಹೊತ್ತಲ್ಲಿ ನಾನು ಕಾಫಿಗೆ ಹೋಗ್ತೀನಿ. ಆ ಗುಂಡೀನ ಎಡಕ್ಕೆ ತಿರುಗಿಸ್ಬೇಡಿ, ಇಳಿದುಬಿಡುತ್ತೆ."

ಇಷ್ಟು ಚೆನ್ನಾಗಿ ಬೇಡ ಎಂದು ಹೇಳಿದವರನ್ನು ನಾನು ಕಂಡಿಲ್ಲ.

ತೊಳೆಯುವ ದಿನ ಬೆಳಿಗ್ಗೆ ಟ್ಯಾಂಕಿನ ಕೆಳಗೆ ಊರಿಗೆ ಊರೇ ಸೇರಿತ್ತು. ಶಾಮಿಯಾನ, ಮಾವಿನ ತೋರಣ, ಯಂತ್ರಕ್ಕೆ ಕುಂಕುಮದ ಬೊಟ್ಟು. ಪೂಜೆಗೆ ಕೂರಬೇಕಾದ್ದರಿಂದ ಮರಿಬಸಪ್ಪನವರು ಸ್ನಾನ ಮಾಡಿ, ಹೊಟ್ಟೆಗೆ ಏನೂ ಹಾಕದೆ, ಬಾಯಿ ಮುಕ್ಕಳಿಸಿ ಬಂದಿದ್ದರು. ಅವರ ಕೆನ್ನೆ ಖಾಲಿ ಇದ್ದುದನ್ನು ಊರು ಕಂಡದ್ದು ಅದೇ ಮೊದಲು, ಬೇರೆ ಯಾರೋ ಬಂದಿದ್ದಾರೆ ಎಂದು ಕೆಲವರು ಅಂದುಕೊಂಡರಂತೆ. ಮೇಡಂ ಹೇಳಿದ ಹಾಗೆ ಕಾಫಿಗೆ ಹೋದರು. ಹೊರಗೆ ಮಂಗಳಾರತಿ ಎತ್ತುವಾಗ ನಾನು ಒಳಗೆ ಗುಂಡಿಯನ್ನು ಎಡಕ್ಕೆ ತಿರುಗಿಸಿದೆ, ಇನ್ನು ತಿರುಗದು ಎನ್ನುವವರೆಗೆ ತಿರುಗಿಸಿದೆ. ನಾನು ಜೀವಮಾನದಲ್ಲಿ ಮಾಡಿದ ದೊಡ್ಡ ಕೆಲಸ ಅದು ಎಂದು ಈಗಲೂ ಹೇಳಿಕೊಳ್ಳುತ್ತೇನೆ.

ಅಧ್ಯಕ್ಷರು ಹೊರಗಿನ ಹಸಿರು ಗುಂಡಿ ಒತ್ತಿದರು. ಟ್ಯಾಂಕಿನ ನೆತ್ತಿಯಲ್ಲಿ ಸ್ಪೀಕರುಗಳು ಒಂದು ಸಲ ಗುಂಯ್ ಎಂದವು. ತಾತ, ಕುಂಬಳಕಾಯಿಯವಳು, ಸೈರನ್‌ಗಳು, ಮಗ್ಗಿ, ಎಲ್ಲ ಹೋದವು. ಅಂಥ ನಿಶ್ಶಬ್ದ ನಮ್ಮೂರಿಗೆ ಗೊತ್ತೇ ಇರಲಿಲ್ಲ.

ಆಗ ಟ್ಯಾಂಕಿನ ಹಿಂಬದಿಯಿಂದ, ಮರಿಬಸಪ್ಪನವರು ವರ್ಷಾನುಗಟ್ಟಲೆ ನಿಂತು ಉಗಿಯುತ್ತಿದ್ದ ಮೂಲೆಯಿಂದ, ಒಂದು ಮೆಲುದನಿ ಬಂತು. ಹಳೆಯದು, ಗದ್ದಲದ ಕೆಳಗೆ ಇಷ್ಟು ದಿನ ಹೂತುಹೋಗಿದ್ದದ್ದು. ಬಾಯ ತುಂಬ ಎಲೆ.

"ಟ್ಯಾಂಕಿಗೆ ಸಿಮೆಂಟು ಕಮ್ಮಿ ಹಾಕ್ಸಿ ಕಂಟ್ರಾಕ್ಟರೇ, ನಡೀತದೆ. ಇದು ಬೀಳೋ ಹೊತ್ತಿಗೆ ಬೇರೆ ಯಾರೋ ಅಧ್ಯಕ್ಷ ಆಗಿರ್ತಾನೆ."

ಊರಿನ ಅಷ್ಟೂ ಕಿವಿಗಳಲ್ಲಿ ಕೆಂಪು ದೀಪ ಒಟ್ಟಿಗೆ ಹೊತ್ತಿತು. ಎಲ್ಲರೂ ಒಮ್ಮೆ ತಲೆ ಎತ್ತಿ ಟ್ಯಾಂಕನ್ನು ನೋಡಿದರು. ಆಮೇಲೆ ಯಾರಿಗೂ ಏನೂ ಹೇಳದೆ ಮೆಲ್ಲಗೆ ಹಿಂದೆ ಸರಿಯತೊಡಗಿದರು, ಪೂಜೆಯ ಭಟ್ಟರೂ ಗಂಟೆ ಸಮೇತ ಸರಿದರು. ಅಷ್ಟರಲ್ಲಿ ಪುರಸಭೆಯ ಮೆಟ್ಟಿಲ ಹತ್ತಿರದಿಂದ ಅದೇ ದನಿಯ ಇನ್ನೊಂದು ಮಾತು ಬಂತು: "ಜನಕ್ಕೇನ್ರೀ, ಅರಚ್ತಾರೆ, ಅರಚ್ಲಿ. ಈ ಗದ್ದಲ ಇರೋ ತನಕ ನಮ್ ಮಾತು ಯಾರಿಗೂ ಕೇಳಾಕಿಲ್ಲ." ಅದಕ್ಕೂ ದೀಪ ಹೊತ್ತಿತು.

ಮರಿಬಸಪ್ಪನವರು ವೇದಿಕೆಯ ತುದಿಗೆ ಓಡಿ ಬಂದು ಕೂಗಿದರು. ಕುತ್ತಿಗೆಯ ನರ ಉಬ್ಬಿತ್ತು. ಆ ದನಿ ನನ್ನದಲ್ಲ, ಯಾರದೋ ಪಿತೂರಿ ಎಂದು ಅವರು ಹೇಳುತ್ತಿದ್ದುದು ಚಿಪ್ಪು ತೆಗೆದಿದ್ದ ನನಗೂ ಚಿಪ್ಪೇ ಹಾಕದ ಸುನಂದಾಳಿಗೂ ಮಾತ್ರ ಕೇಳಿಸಿತು. ಖಾಲಿ ಬಾಯಿಯ ಮಾತು, ಎಷ್ಟು ಇಳಿಸಿದ ಹೊಸ್ತಿಲನ್ನೂ ಅದು ದಾಟಲಿಲ್ಲ. ಊರಿನವರು ಅವರ ತುಟಿ ಆಡುವುದನ್ನು ನೋಡಿದರು. ಅದು ನಿಂತ ಮೇಲೆ ಎಲ್ಲರೂ ಕೈ ಜೋಡಿಸಿದರು. "ಧವ್ಯವಾದ" ಎಂದಳು ಸಾಕಮ್ಮ.

ಆಮೇಲೆ ನಡೆದದ್ದೆಲ್ಲ ಊರ ಕಥೆ. ಪುರಸಭೆಯವರೇ ತಮಟೆ ಹೊಡೆಸಿ, ನಾಗರಿಕರು ದಯವಿಟ್ಟು ಎಲ್ಲ ಕಡೆ, ಮುಖ್ಯವಾಗಿ ಟ್ಯಾಂಕಿನ ಹಿಂದೆ ಮತ್ತು ಮೆಟ್ಟಿಲ ಹತ್ತಿರ, ಆದಷ್ಟು ಗದ್ದಲ ಮಾಡಬೇಕೆಂದು ಕೇಳಿಕೊಂಡರು. ಯಾರೂ ಮಾಡಲಿಲ್ಲ. ಜನ ಮನೆಯಿಂದ ಚಾಪೆ ತಂದು ಹಾಸಿಕೊಂಡು ಆ ಎರಡು ಜಾಗದಲ್ಲಿ ಸುಮ್ಮನೆ ಕೇಳುತ್ತ ಕೂರತೊಡಗಿದರು. ನನ್ನ ಕಥೆ ಅದಲ್ಲ, ಅಂದು ಮಧ್ಯಾಹ್ನ ಮನೆಗೆ ಹೋದಾಗಿನದು.

ಸುನಂದಾ ನನಗಿಂತ ಮುಂಚೆ ಓಡಿದ್ದಳು. ನಾನು ಹೋದಾಗ ಒಲೆಯ ಮುಂದೆ ನಿಂತಿದ್ದಳು, ಸೌಟು ಕೈಯಲ್ಲೇ ಇತ್ತು. ನಾನೂ ಪಕ್ಕದಲ್ಲಿ ನಿಂತು ಕಿವಿಗೊಟ್ಟೆ. ಸಾಂಬಾರ ಡಬ್ಬಿಯ ಹತ್ತಿರ ಏನೂ ಇರಲಿಲ್ಲ. ಸಾರು ಕುದಿಯುವ ಸದ್ದು ಬಿಟ್ಟರೆ ಏನೂ ಇಲ್ಲ.

"ಪೂರ್ತಿ ಇಳಿಸಿದ್ರಾ?" ಎಂದು ಕೇಳಿದಳು.

"ಪೂರ್ತಿ ಇಳಿಸ್ದೆ. ಇನ್ನು ತಿರುಗ್ತಾ ಇರ್ಲಿಲ್ಲ."

ತಲೆಯಾಡಿಸಿದಳು. ಬೈದಿದ್ದರೆ ಚೆನ್ನಾಗಿತ್ತು. ಒಲೆ ಆರಿಸಿ, ಗೋಡೆಗೆ ಒರಗಿ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ತಾಯಿ ಹೋದ ದಿನವೂ ಅವಳು ಹಾಗೆ ಅತ್ತಿರಲಿಲ್ಲ, ಯಾಕೆಂದರೆ ಅಂದು ಆ ಮಾತು ಇನ್ನೂ ಒಲೆಯ ಮೇಲೆ ಇತ್ತು. ನಾನು ಹೆಗಲ ಮೇಲಿನ ಟವೆಲ್ ಹಿಂಡಿಕೊಂಡು ಜಗಲಿಗೆ ಬಂದು ಕೂತೆ.

ನಮ್ಮ ಜಗಲಿ ಬೀದಿಗೆ ಅಂಟಿಕೊಂಡಿದೆ. ನಾನು ಆ ಮನೆಗೆ ಬಂದಾಗಿನಿಂದ ಅಲ್ಲಿ ಬೀದಿಯ ಹಳೆಯ ಗಲಾಟೆ ಬಿಟ್ಟು ಬೇರೇನೂ ಕೇಳಿದವನಲ್ಲ. ಈಗ ಬೀದಿ ತೊಳೆದಿಟ್ಟ ಪಾತ್ರೆಯಂತೆ ಇತ್ತು. ಕಂಬದ ಪಕ್ಕದಿಂದ, ಅತ್ತೆ ಊಟವಾದ ಮೇಲೆ ಕೂರುತ್ತಿದ್ದ ಜಾಗದಿಂದ, ಯಾರೋ ಎಲೆ ಅಗಿಯುತ್ತ ಮೆಲ್ಲಗೆ ಮಾತಾಡಿದರು. ನಾನು ಎದ್ದುನಿಂತೆ.

"ಸುನಂದಾ! ಬಾರೇ ಇಲ್ಲಿ, ಬೇಗ ಬಾ!"

ಬಂದಳು, ಕಣ್ಣು ಒರೆಸಿಕೊಳ್ಳುತ್ತ. ನಾನು ಕಂಬ ತೋರಿಸಿದೆ. ಇಬ್ಬರೂ ಕಂಬದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತೆವು. ಅದು ಮತ್ತೆ ಬಂತು.

"ಅಳಿಯ ಶುದ್ಧ ಪೆದ್ದ, ಸಾಕಮ್ಮ" ಎಂದಿತು ಅತ್ತೆಯ ದನಿ. "ಆದ್ರೆ ಒಂದು. ನಮ್ ಹುಡುಗಿ ಹೇಳಿದ್ದನ್ನ ಕಿವಿ ಮೇಲೆ ಹಾಕ್ಕೊಳ್ತಾನೆ. ಈ ಊರಲ್ಲಿ ಅಷ್ಟು ಮಾಡೋ ಗಂಡ್ಸು ಇನ್ನೊಬ್ಬನ್ನ ತೋರ್ಸು ನೋಡಾನ. ನಾನು ಹೋದ್ರೂ ಅವಳಿಗೆ ಭಯ ಇಲ್ಲ ಬಿಡು."

ಅಷ್ಟೇ. ಆಮೇಲೆ ಉಗಿದ ಸದ್ದು, ಮತ್ತೆ ಮೊದಲಿಂದ ಅಳಿಯ ಶುದ್ಧ ಪೆದ್ದ. ಬೀದಿಯಲ್ಲಿ ಹೋಗುವವರಿಗೆಲ್ಲ ಇನ್ನು ಸ್ಪಷ್ಟವಾಗಿ ಕೇಳುತ್ತದೆ, ನಾನು ಈ ಮನೆಯ ಮುಂದೆ ತಲೆ ಎತ್ತಿ ಓಡಾಡುವಂತಿಲ್ಲ. ಆದರೂ ಆ ಹೊತ್ತಿಗೆ ನನ್ನ ಕಣ್ಣು ತುಂಬಿ ಬಂತು ಎಂದರೆ ಒಪ್ಪಿಕೊಳ್ಳುತ್ತೇನೆ. ಆ ತಾಯಿ ಬದುಕಿದ್ದಾಗ ಇದರ ಅರ್ಧವನ್ನಾದರೂ ನನ್ನ ಎದುರಿಗೆ ಹೇಳಿದ್ದರೆ ಅವರ ಗಂಟು ಏನು ಹೋಗುತ್ತಿತ್ತು?

ಸುನಂದಾ ಅಳುತ್ತ ನಗುತ್ತ ಕಂಬ ಹಿಡಿದು ಕೂತಿದ್ದಳು. ಸೂರ್ಯ ಜಗಲಿಯಿಂದ ಇಳಿಯುತ್ತಿದ್ದ. ಅವಳು ಬೆಳಗಿನಿಂದ ಏನೂ ತಿಂದಿರಲಿಲ್ಲ. ನಾನು ಅವಳನ್ನು ಎಬ್ಬಿಸಿ ಒಳಗೆ ಕರೆದು ತಂದೆ, ಮಣೆ ಹಾಕಿದೆ, ತಟ್ಟೆ ಇಟ್ಟೆ, ಅನ್ನ ಬಡಿಸಿದೆ. ಸಾರು ಸ್ವಲ್ಪ ಆಚೆ ಚೆಲ್ಲಿತು. ಅವಳು ತಟ್ಟೆ ನೋಡುತ್ತ ಸುಮ್ಮನೆ ಕೂತಳು. ಸಾಂಬಾರ ಡಬ್ಬಿಯ ಕಡೆಯಿಂದ ಬರಬೇಕಾದದ್ದು ಬರುವವರೆಗೆ ಕೈ ಇಡುವ ಅಭ್ಯಾಸ ಅವಳಿಗಿಲ್ಲ.

ನಾನು ಒಲೆಯ ಪಕ್ಕ ಹೋಗಿ ನಿಂತೆ. ಏನು ಹೇಳಬೇಕೆಂದು ನನಗೆ ಗೊತ್ತಿತ್ತು, ವರ್ಷಗಟ್ಟಲೆ ದಿನವೂ ಕೇಳಿದ್ದೆನಲ್ಲ. ಆದರೆ ದನಿ ಹೊರಡುವಾಗ ಒಡೆದ ಪೀಪಿಯಂತೆ ಹೊರಟಿತು.

"ಮೊದ್ಲು ನೀನು ಉಣ್ಣು ಕಣೇ. ನಾನು ಕಾಯ್ತೀನಿ."

ತೊಳೆದ ಗಾಳಿಯಲ್ಲಿ ಅದು ಅಲ್ಲೇ, ಡಬ್ಬಿಯ ಹತ್ತಿರ, ಗಟ್ಟಿಯಾಗಿ ಕೂತಿತು. ನಾವಿಬ್ಬರೂ ತಲೆ ಎತ್ತಿ ನೋಡಿದೆವು. ಇನ್ನೊಮ್ಮೆ ಹೇಳಿಕೊಂಡಿತು, ಅದೇ ಬಿಕ್ಕು, ಅದೇ ಒಡಕು.

"ಅಯ್ಯೋ, ಗಂಟ್ಲು ಸರಿ ಮಾಡ್ಕೊಂಡು ಹೇಳ್ಬಾರ್ದಿತ್ತೇನ್ರೀ?" ಎಂದಳು ಸುನಂದಾ. "ಇನ್ನು ಜೀವಮಾನ ಪೂರ್ತಿ ಇದನ್ನೇ ಕೇಳ್ಕೊಂಡು ಉಣ್ಬೇಕಲ್ಲ ನಾನು."

ಹೇಳಿ ಅನ್ನ ಕಲಸಿದಳು. ನಾನು ಕಾದೆ.